ಚೆಲ್ಲಬೇಕಾಗಿದ್ದ ಹಾಲು

2025ರ ಫೆಬ್ರುವರಿ 11, ಮಂಗಳವಾರ. ಬೆಳಿಗ್ಗೆ 11.20ಕ್ಕೆ ಹಾಸ್ಟೆಲ್ ವಾರ್ಡನ್ ಬಾಲರಾಜ ಶಹಾಪುರ ಠಾಣೆಗೆ ಬಂದರು. ಒಂದು ಕೈಯಲ್ಲಿ ದೂರು, ಇನ್ನೊಂದರಲ್ಲಿ ಮುಚ್ಚಳ ಬಿಗಿದ ಹಾಲಿನ ಬಾಟಲಿ. ಸಗರದ ಹಾಲಿನ ಕೇಂದ್ರದಿಂದ ಅಂದು ಬಂದ ಹಾಲು ಕುಡಿದು ಆರನೇ ತರಗತಿಯ ರಾಧಿಕಾಳ ಮೈತುಂಬ ದದ್ದು ಎದ್ದು, ಉಸಿರು ಕಟ್ಟಿತ್ತು. ಪೆನಿಸಿಲಿನ್ ಆಕೆಗೆ ಆಗಿಬರುವುದಿಲ್ಲವೆಂದು ಮೊದಲೇ ಗೊತ್ತಿದ್ದರಿಂದ ವೈದ್ಯರು ಬೇಗ ಸಂಭಾಳಿಸಿದರು. ಹುಡುಗಿ ಆಗಲೇ ಆಸ್ಪತ್ರೆಯಲ್ಲಿ ಇಡ್ಲಿ ಕೇಳುತ್ತಿದ್ದಳಂತೆ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಒಂದಕ್ಕೆ ಇನ್‌ಸ್ಪೆಕ್ಟರ್ ವಿಶ್ವರಾಧ್ಯ, ಕಾನ್‌ಸ್ಟೆಬಲ್ ಉಮಾಶ್ರೀ ಸಗರ ಮುಟ್ಟಿದರು. ವಿಶ್ವರಾಧ್ಯರದು ಆಮೆಯ ತನಿಖೆ ಎಂದು ಠಾಣೆಯಲ್ಲಿ ಎಲ್ಲರೂ ಗೇಲಿ ಮಾಡುತ್ತಾರೆ, ಅವರೂ ನಗುತ್ತಾರೆ.

ಕೇಂದ್ರ ನೋಡಿಕೊಳ್ಳುವವಳು ಇಪ್ಪತ್ಮೂರರ ನಂದಿನಿ. ಮನೆಮನೆಯ ಹಾಲನ್ನೂ ಅಂಗೈಯಷ್ಟು ದೊಡ್ಡ ಬಯೋಸೆನ್ಸರ್‌ನಲ್ಲಿ ಪರೀಕ್ಷಿಸಿಯೇ ಕ್ಯಾನಿಗೆ ಸುರಿಯುವುದು ಅವಳ ಕೆಲಸ. ಪಟ್ಟಿಯ ಮೇಲೆ ಹಾಲಿನ ಹನಿ ಬಿದ್ದರೆ ಸಾಕು, ದನಕ್ಕೆ ಕೊಟ್ಟ ಔಷಧಿ ಹಾಲಿಗಿಳಿದಿದ್ದರೆ ಕೆಂಪು ದೀಪ, ಇಲ್ಲವಾದರೆ ಹಸಿರು. ವಾರ್ಡನ್ ತಂದ ಬಾಟಲಿಯ ಹಾಲನ್ನು ವಿಶ್ವರಾಧ್ಯ ಅದರಲ್ಲೇ ಪರೀಕ್ಷಿಸಲು ಹೇಳಿದರು, ಕೆಂಪು ಹತ್ತಿತು. ಪರೀಕ್ಷೆಯಲ್ಲಿ ತಪ್ಪಿದ್ದರೆ ನಾಳೆಯೇ ಕೆಲಸ ಬಿಡಬೇಕೆಂದು ಹಾಲು ಒಕ್ಕೂಟದ ಮೇಲಿನವರು ಫೋನು ಮಾಡಿದ್ದರು. ನಂದಿನಿ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು.

ಯಂತ್ರದ ನೆನಪಿನಲ್ಲಿ ಆ ಬೆಳಗಿನ ಇಪ್ಪತ್ನಾಲ್ಕು ಪರೀಕ್ಷೆಗಳಿದ್ದವು. ಇಪ್ಪತ್ಮೂರು ಹಸಿರು. ಕೆಂಪು ಒಂದೇ, ಅಯ್ಯಣ್ಣನದು. ಎಮ್ಮೆಯ ಕೆಚ್ಚಲು ಬಾತು ಪೆನಿಸಿಲಿನ್ ಇಂಜೆಕ್ಷನ್ ಕೊಡಿಸಿದ್ದು ನಿಜವೆಂದೂ, ತನ್ನ ಹಾಲು ಬೇಡವೆಂದ ಮೇಲೆ ಅದನ್ನು ಅಲ್ಲೇ ಬಿಟ್ಟು ಬರಿಗೈಲಿ ಮನೆಗೆ ಹೋದೆನೆಂದೂ ಅಯ್ಯಣ್ಣ ಹೇಳಿದ.

"ಆ ಹಾಲು ಏನಾತು?" ವಿಶ್ವರಾಧ್ಯ ಕೇಳಿದರು.

"ಚೆಲ್ಲಂತ ಅವ್ವಗ ಕೊಟ್ಟೆನ್ರಿ," ಎಂದಳು ನಂದಿನಿ. ಅವ್ವ ಮಾನಮ್ಮ ಕೇಂದ್ರದ ಕ್ಯಾನು ತೊಳೆಯುವವಳು. ಚೆಲ್ಲಿದೆನೆಂದು ಅವಳು ಗೋಣು ಹಾಕಿದಳು.

ಬುಧವಾರ ಬೆಳಿಗ್ಗೆ 6.40ಕ್ಕೆ, ಪಂಚರ ಸಮಕ್ಷಮ, ಹಿಂದಿನ ದಿನದಂತೆಯೇ ಎಲ್ಲವನ್ನೂ ಮಾಡಿ ತೋರಿಸಲು ವಿಶ್ವರಾಧ್ಯ ಹೇಳಿದರು. ಅಯ್ಯಣ್ಣನ ಹಾಲಿಗೆ ಮತ್ತೆ ಕೆಂಪು ಹತ್ತಿತು. ನಂದಿನಿ ಪಾತ್ರೆಯನ್ನು ಅವ್ವನ ಕೈಗಿತ್ತಳು. ಮಾನಮ್ಮ ಗಟಾರದ ತನಕ ಹೋಗಿ ನಿಂತಳು. ಪಂಚನಾಮೆ ಬರೆಯುತ್ತಿದ್ದ ಉಮಾಶ್ರೀ ತಲೆಯೆತ್ತಿ ನೋಡಿದಳು. ಮಾನಮ್ಮನಿಗೆ ಪಾತ್ರೆ ಬಗ್ಗಿಸಲು ಆಗುತ್ತಿರಲಿಲ್ಲ.

"ನನ್ನ ಕೈಲೆ ಆಗಂಗಿಲ್ರಿ ಸಾಹೇಬ್ರ. ಕ್ಯಾನಿನಾಗ ಸುರುವಿದ್ದು ನಾನ. ಅಷ್ಟು ಹಾಲಿನಾಗ ಇದೊಂದೀಟು ಏನ್ ಮಾಡ್ತದ ಅಂದ್ಕೊಂಡೆ. ಕೂಸಿಗಿ ಹಿಂಗಾಗ್ತದಂತ ತಿಳಿಲಿಲ್ರಿ."

"ನಿನ್ನೆ ಯಾಕ ಹೇಳ್ಲಿಲ್ಲ?"

"ಅಂಜಿದ್ದೆ. ರಾತ್ರೆಲ್ಲ ಈಕಿ ಅಳೂದು ಕೇಳಿದೆ. ಇವತ್ತ ಹೇಳಬೇಕಂತನ ಬಂದೇನಿ."

ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ತಂದ ಕಲಮಿನಡಿ 8.15ಕ್ಕೆ ಉಮಾಶ್ರೀ ಆಕೆಯನ್ನು ಬಂಧಿಸಿದಳು. ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧ. ಆದರೂ ಉಮಾಶ್ರೀಗೆ ಸಂಕಟವಾಯಿತು. ನಂದಿನಿಯ ಪರೀಕ್ಷೆಯಲ್ಲಿ ತಪ್ಪಿಲ್ಲವೆಂದು ವಿಶ್ವರಾಧ್ಯ ಮೇಲಿನವರಿಗೆ ಅಂದೇ ಪತ್ರ ಬರೆದರು.

ಹೇಳಿಕೆ ಕೊಡುವಾಗ ಮಾನಮ್ಮ ಮಗಳ ಮುಖ ನೋಡಲಿಲ್ಲ. ಬಾಣಂತಿಯಾಗಿದ್ದಾಗ ಆಕೆಯ ಎದೆಯಲ್ಲಿ ಹಾಲು ಬತ್ತಿತ್ತು. ಒಂಬತ್ತು ದಿನದ ನಂದಿನಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಟ್ಟಲು ಹಿಡಿದು ಓಣಿಯ ಮನೆಮನೆಗೂ ತಿರುಗಿದ್ದಳು. ಅಂದಿನಿಂದ ಒಂದು ಹನಿ ಹಾಲನ್ನೂ ನೆಲಕ್ಕೆ ಚೆಲ್ಲಿದವಳಲ್ಲ. ಮಗಳು ಈ ಮಾತನ್ನು ಕೇಳಿದ್ದು ಅಂದೇ ಮೊದಲು.

ನಂದಿನಿ ಜಾಮೀನು ಕಾಗದಕ್ಕೆ ಸಹಿ ಹಾಕಿ, ಅವ್ವನ ಕೈ ಹಿಡಿದು ಎಬ್ಬಿಸಿದಳು.

"ನಡಿ ಅವ್ವ. ಇನ್ಮ್ಯಾಲೆ ಚೆಲ್ಲೂದಿದ್ರ ನಾನ ಚೆಲ್ತೀನಿ. ನೀ ಆ ಕಡಿ ಮುಖ ಮಾಡ್ಕೊಂಡು ನಿಂದರು."