ಐಹೊಳೆಯಲ್ಲಿ ಕಳೆದ ಮೊಸಳೆ

"ಚಾಚಾ, ನಮ್ಮವರು ಕಳ್ಳರಲ್ಲ!"

ಅಮೀನಗಡದ ನಿವೃತ್ತ ಪೊಲೀಸ್ ಫೌಜದಾರ ಜಲಾಲುದ್ದೀನರ ಕಟ್ಟೆಯ ಮೇಲೆ ಜೋಹರಾ ಕುಸಿದು ಕೂತಾಗ, ರೊಟ್ಟಿ ಮುರಿಯುತ್ತಿದ್ದ ಮಾಳಪ್ಪನ ಕೈ ಅಲ್ಲೇ ನಿಂತಿತು. ಅವನು ಫೌಜದಾರರ ಕೈಕೆಳಗಿನ ಸಿಪಾಯಿ. ಅವರು ನೌಕರಿ ಬಿಟ್ಟರೂ ಇವನು ಅವರನ್ನು ಬಿಟ್ಟಿರಲಿಲ್ಲ. ಯಾರಾದರೂ ಅತ್ತರೆ ಸಾಕು, ಅವನ ಸಿಟ್ಟು ನೆತ್ತಿಗೇರುತ್ತಿತ್ತು. ಯಾರ ಮೇಲೆಂಬುದನ್ನು ಆಮೇಲೆ ನೋಡಿಕೊಳ್ಳುತ್ತಿದ್ದ.

ಸಂಗತಿ ಇಷ್ಟು. ಐಹೊಳೆಯ ಹಳೆಯ ಗುಡಿಗಳಲ್ಲಿ ಜನ ತಲೆತಲಾಂತರದಿಂದ ಸಂಸಾರ ಹೂಡಿದ್ದರು. ಒಂದರಲ್ಲಿ ಜೋಹರಾ ಮತ್ತು ಗಂಡ ಅಬ್ದುಲಸಾಬ, ಪಕ್ಕದ್ದರಲ್ಲಿ ಮುದುಕಿ ಸೋಮವ್ವ. ಸೋಮವ್ವನ ಪಡಸಾಲೆಯಲ್ಲಿ, ಹಳೆಯ ಕಲ್ಲುಕಟ್ಟಡ ನೋಡಲು ಬಂದ ಫ್ರಾನ್ಸ್ ದೇಶದ ಬಿಳಿಯ ದೊರೆಯೊಬ್ಬ ಇಳಿದಿದ್ದ. ಅವನ ಪೆಟ್ಟಿಗೆ ಹೊರುವ ಕೆಲಸ ಅಬ್ದುಲಸಾಬನದು. ದೊರೆಯ ಊರು ನೀಮ್. ಅಲ್ಲಿಯ ಮಣ್ಣಿನಲ್ಲಿ ಸಿಕ್ಕ ಪುರಾತನ ಕಂಚಿನ ಪುಟ್ಟ ಮೊಸಳೆಯೊಂದು ಸದಾ ಅವನ ಜೊತೆಗಿರುತ್ತಿತ್ತು. ಇಂದು ಬೆಳಿಗ್ಗೆಯಿಂದ ಅದು ಕಾಣೆ; ದೊರೆಯ ಅನುಮಾನ ಅಬ್ದುಲಸಾಬನ ಮೇಲೆ.

"ಸಂಜೀ ಒಳಗ ಸಿಗಲಿಲ್ಲಂದ್ರ ಕಲೆಕ್ಟರಗ ಹೇಳ್ತಾನಂತ, ಗುಡ್ಯಾಗಿನ ಕಳ್ಳ ಮಂದೀನ್ನ ಹೊರಗ ಹಾಕ್ರಿ ಅಂತ. ನಮಗ ಬ್ಯಾರೆ ಮನಿ ಎಲ್ಲೈತಿ, ಚಾಚಾ?"

ಮೂವರೂ ಹತ್ತಿದ ಚಕ್ಕಡಿ ಐಹೊಳೆ ಮುಟ್ಟಿದ್ದೇ ತಡ, ಮಾಳಪ್ಪ ಅಬ್ದುಲಸಾಬನ ಮನೆ ಹೊಕ್ಕು ಟ್ರಂಕು, ಕೌದಿ, ಕೋಳಿಬುಟ್ಟಿ ಎಲ್ಲ ತಲೆಕೆಳಗು ಮಾಡಿದ. ಏನೂ ಸಿಗಲಿಲ್ಲ. "ಎಲ್ಲೋ ಮಾರಿ ಬಂದಾನ್ರಿ," ಎಂದ. ಅಬ್ದುಲಸಾಬ ಚೆದುರಿದ ಕೋಳಿಗಳನ್ನು ಹಿಡಿದು ತರಲು ಹೋದ.

ಫೌಜದಾರರೋ, ಸೋಮವ್ವನ ಪಡಸಾಲೆಯಲ್ಲಿ ದೊರೆಯ ಪಕ್ಕ ಕೂತು ಹಿಂದೂಸ್ತಾನಿಯಲ್ಲಿ ಅವನ ಊರಿನ ಮಾತು ತೆಗೆದರು. ತವರಿನ ಸುದ್ದಿ ಅಂದರೆ ಯಾರ ಬಾಯಿ ಬಿಚ್ಚುವುದಿಲ್ಲ! ಮೊದಲು ನೀಮ್‌ನಲ್ಲಿ ಬರೀ ಒಂದು ನೀರಿನ ಬುಗ್ಗೆ, ಅದಕ್ಕೊಬ್ಬ ದೇವರು; ಆ ದೇವರ ಹೆಸರೇ ಊರಿಗೆ ಬಂತು. ಆಮೇಲೆ ರೋಮಿನವರು ಬಂದು ಕಾಳಗ ನೋಡಲು ದೊಡ್ಡ ಕಲ್ಲಿನ ಅಖಾಡ ಕಟ್ಟಿದರು, ಈಜಿಪ್ತ ಗೆದ್ದ ನೆನಪಿಗೆ ನಾಣ್ಯದ ಮೇಲೆ ಮೊಸಳೆ ಹೊಡೆಸಿದರು. ರೋಮು ಬಿದ್ದ ಮೇಲೆ ದಂಡುಗಳ ಕಾಟ. ಜನ ಅಖಾಡದೊಳಗೇ ಮನೆ, ಓಣಿ, ಚರ್ಚು ಕಟ್ಟಿಕೊಂಡು ನೂರಾರು ವರ್ಷ ಬಾಳಿದರು. ಕೊನೆಗೆ ಸರಕಾರ ಆ ಮನೆಗಳನ್ನೆಲ್ಲ ಕೆಡವಿ ಕಲ್ಲು ಉಳಿಸಿತು. ಫೌಜದಾರರು ಇದನ್ನೆಲ್ಲ ಅಲ್ಲೇ ಇದ್ದ ಸೋಮವ್ವನಿಗೂ ಕನ್ನಡದಲ್ಲಿ ಹೇಳುತ್ತ ಹೋದರು.

"ಇಲ್ಲಿಯೂ ಹಾಗೇ ಆಗಬೇಕು," ಎಂದ ದೊರೆ.

ಮಾಳಪ್ಪ ಹಲ್ಲು ಕಡಿದ. ಹೊತ್ತು ಇಳೀತಾ ಬಂತು, ಇವರಿಗೆ ಊರಿನ ಪುರಾಣ!

"ಮೊಸಳೆ ಎಲ್ಲಿಟ್ಟಿದ್ದಿರಿ?" ಎಂದು ಫೌಜದಾರರು ದೊರೆಯನ್ನು ಕೇಳಿದರು.

"ನಿನ್ನೆ ಸಂಜೆ ಆ ಗೋಡೆಯ ಗೂಡಿನಲ್ಲಿ, ಆ ಮಾಡದಲ್ಲಿ. ಹಸಿರು ಮೊಸಳೆ. ಪೂರಾ ಹಸಿರು."

ಮಾಡದಲ್ಲಿ ಸೋಮವ್ವನ ಬೆಳ್ಳಿಯ ಮನೆದೇವರುಗಳು, ನಡುವೆ ಬೀರಪ್ಪ. ದಸರೆಯ ಮುಂಚಿನ ಮಾನೋಮಿ ಅಮಾವಾಸ್ಯೆಯಾದ್ದರಿಂದ ಎಲ್ಲ ಫಳಫಳ ಹೊಳೆಯುತ್ತ, ಮೈತುಂಬ ಅರಿಸಿನದ ಭಂಡಾರ ಹಚ್ಚಿಸಿಕೊಂಡು, ಚೆಂಡುಹೂವಿನಲ್ಲಿ ಮುಳುಗಿ ಕೂತಿದ್ದವು.

"ಅವ್ವಾ, ಹಸರ ಮೊಸಳಿ ಕಂಡೀಯೇನು?" ಎಂದರು ಫೌಜದಾರರು.

"ಬೀರಪ್ಪನ ಆಣಿ, ಹಸರ ಮೊಸಳಿ ನಾ ಕಂಡಿಲ್ರಿ. ನೈವೇದ್ಯ ಆಗೂತನಕ ನನ್ನ ಮಾತಾಡಸಬ್ಯಾಡ್ರಿ," ಎಂದು ಸೋಮವ್ವ ಒಲೆಯ ಕಡೆ ತಿರುಗಿದಳು.

ಫೌಜದಾರರು ಹೊಳೆದಂಡೆಗೆ ನಡೆದರು. ಅಲ್ಲೊಂದು ಬಂಡೆಯ ಮೇಲೆ ಹುಣಸೆಹಣ್ಣಿನ ಚರಟ, ಬೂದಿ. ಬಂಡೆಯ ಸಂದಿಯಲ್ಲಿ ಬೆರಳಾಡಿಸಿ ಮಾಳಪ್ಪನಿಗೆ ತೋರಿಸಿದರು. ಬೆರಳು ಹಸಿರಾಗಿತ್ತು. ಮಾಳಪ್ಪನಿಗೆ ತಲೆಬುಡ ತಿಳಿಯಲಿಲ್ಲ.

ಸಂಜೆ ಎಲ್ಲರೂ ಸೋಮವ್ವನ ಪಡಸಾಲೆಯಲ್ಲಿ ಸೇರಿದರು.

"ಕಳ್ಳ ಆಗಿದ್ರ ಬೆಳ್ಳಿ ಬೀರಪ್ಪನ್ನ ಬಿಟ್ಟು ಕಿಲುಬಿನ ಕಂಚ ಯಾಕ ಒಯ್ತಿದ್ದ?" ಎಂದು ಫೌಜದಾರರು ಶುರು ಮಾಡಿದರು. "ಅಂದ್ರ ಕಳವ ಆಗಿಲ್ಲ. ದೊರಿ ಮೊಸಳಿ ಇಟ್ಟದ್ದು ದೇವರ ಮಾಡದಾಗ. ಇವತ್ತ ನಸಿಕಿನ್ಯಾಗ ದೇವರನ್ನೆಲ್ಲ ಗಂಟು ಕಟ್ಟಿ ಹೊಳಿಗಿ ಒಯ್ದು ಹುಣಸಿಹಣ್ಣ ಹಚ್ಚಿ ತಿಕ್ಕ್ಯಾರ. ದೇವರೆಲ್ಲ ಬೆಳ್ಳಿ, ಅವಕ್ಕ ಹಸರ ಕಿಲುಬ ಎಲ್ಲೀದು? ಅದು ಮೊಸಳೀದು. ಇನ್ನ, ನೈವೇದ್ಯ ಆಗೂತನಕ ಮಾತಾಡಬಾರದ್ದು ಏನಿತ್ತು? ಸೋಮವ್ವಾ, ಈಗ ನೈವೇದ್ಯ ಆತಲ್ಲ?"

"ಆತ್ರಿ. ಹೊಳ್ಯಾಗ ಗಂಟು ಬಿಚ್ಚಿದ್ರ ಹೊಳಿತಾಯಿ ಗಂಗವ್ವನ ವಾಹನ ಮೊಸಳಿ ಬಂದು ಕುಂತಿತ್ರಿ! ತಾನಾಗಿ ಬಂದ ದೇವರ ಸುದ್ದಿ ನೈವೇದ್ಯಕ್ಕ ಮೊದಲ ಹೇಳಬಾರದು, ನಮ್ಮತ್ತಿ ಹೇಳಿದ್ಲು. ನಸಿಕಿನ ಕತ್ತಲದಾಗ ಮಸಿ ಹಿಡಿದಂಗ ಕರ್ರಗ ಕಾಣ್ತಿತ್ತು, ಚಂದಾಗಿ ತಿಕ್ಕೇನಿ."

ಫೌಜದಾರರು ಹೂ ಸರಿಸಿದರು. ಬೀರಪ್ಪನ ಪಕ್ಕದಲ್ಲಿ ಬಂಗಾರದಂಥ ಮೊಸಳೆ ಭಂಡಾರ ಬಳಿದುಕೊಂಡು ಕೂತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ದೊರೆಯ ಪಾಡು. ಮೊಸಳೆಯ ಮುರಿದ ಬಾಲದ ತುದಿ ಸವರಿ ಗುರುತು ಹಿಡಿದವನೇ, "ಎರಡು ಸಾವಿರ ವರ್ಷದ ಹಸಿರು ಹೋಯಿತು!" ಎಂದು ತಲೆ ಹಿಡಿದುಕೊಂಡ. ಫೌಜದಾರರು ಅದನ್ನು ಸೋಮವ್ವನಿಗೆ ತಿಳಿಸಿದರು.

"ಎರಡ ಸಾವಿರ ವರ್ಷ ಯಾರೂ ತೊಳದಿಲ್ಲೇನ್ರಿ? ಪಾಪ!" ಸೋಮವ್ವನಿಗೆ ಖರೆಯೇ ಮರುಕ ಬಂದಿತ್ತು. "ತಪ್ಪಾತ್ರಿ, ನಿಮ್ಮದು ನೀವು ತಗೋರಿ. ಒಂದು ಮಾತು ಕೇಳ್ರಿ ಫೌಜದಾರ್ರ. ಅವರೂರಾಗ ಅಖಾಡದ ಮನಿ ಕೆಡವಿದ್ರಲ್ಲ, ಆ ಮಂದಿ ಎಲ್ಲಿಗಿ ಹ್ವಾದ್ರಂತ?"

ಫೌಜದಾರರು ಕೇಳಿದರು. ಒಂದೊಂದು ಕಲ್ಲಿನ ಕಾಲ ಹೇಳಬಲ್ಲ ದೊರೆ ಕೈಯಲ್ಲಿದ್ದ ಮೊಸಳೆಯನ್ನು ಕೆಳಗಿಟ್ಟ.

"ಗೊತ್ತಿಲ್ಲ," ಎಂದ. "ನಾನು ಕೇಳಿಯೇ ಇರಲಿಲ್ಲ."

ಎದ್ದು ಟೊಪ್ಪಿಗೆ ತೆಗೆದು ಅಬ್ದುಲಸಾಬನ ಮುಂದೆ ನಿಂತ. "ತಪ್ಪು ನನ್ನದು. ಕಲೆಕ್ಟರನಿಗೆ ನಾನು ಏನೂ ಹೇಳುವುದಿಲ್ಲ, ಗುಡಿಯ ಮನೆಗಳನ್ನು ಬಿಡಿಸುವ ಮಾತನ್ನೂ ಎತ್ತುವುದಿಲ್ಲ."

ಮಾಳಪ್ಪ ಯಾರ ಮುಖವನ್ನೂ ನೋಡದೆ ಅಬ್ದುಲಸಾಬನ ಮನೆಗೆ ಹೋಗಿ, ತಾನು ಚೆಲ್ಲಾಡಿದ ಕೌದಿಗಳನ್ನು ಒಂದೊಂದಾಗಿ ಮಡಿಚಿಟ್ಟ. ಜೋಹರಾ ಕಣ್ಣೊರೆಸಿಕೊಂಡು ಒಳಗೆ ಬಂದು ಒಲೆ ಹೊತ್ತಿಸಿದಳು.