ಹೊರಮಾವಿನ ಕಿಟಕಿಗಳು

2024ರ ಆಗಸ್ಟ್ 17, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹೊರಮಾವಿನ ಫ್ಲಾಟೊಂದರ ಕಿಟಕಿಯ ಮುಂದೆ ಪದ್ಮಶ್ರೀ ಟೇಪು ಬಿಚ್ಚಿ ನಿಂತಿದ್ದಳು. ಕಿಟಕಿಗೆ ಆಗಲೇ ಹೊಚ್ಚಹೊಸ ಪರದೆ ಇತ್ತು.

"ಸಾರಿ ಅಕ್ಕಾ," ಮನೆಯಾಕೆ ಮಿಸ್ಬಾ ನಾಲಗೆ ಕಚ್ಚಿಕೊಂಡಳು. "ನೀವು ನಿಜವಾಗ್ಲೂ ಬಂದ್ಬಿಡ್ತೀರ ಅಂತ ಗೊತ್ತಿರ್ಲಿಲ್ಲ. ಆಫೀಸಲ್ಲಿ ಗುರುಕಿರಣ್ ನಮ್ಗೆಲ್ಲ ಲಿಂಕ್ ಕಳ್ಸಿದ್ದ. 'ಒಂದೊಂದು ಬುಕಿಂಗ್ ಹಾಕ್ರಪ್ಪಾ, ನಮ್ ಹುಡ್ಗಿ ಗೆಲ್ಬೇಕು' ಅಂದ. ಎಷ್ಟು ಸ್ವೀಟ್ ಅಲ್ವಾ?"

ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು.

ಪದ್ಮಶ್ರೀಯ ಪರದೆ ಅಂಗಡಿ ಇದ್ದದ್ದು ಕಾಕ್ಸ್ ಟೌನಿನಲ್ಲಿ, ಅಪ್ಪ ಮುನಿಆಂಜನಪ್ಪನವರ ಕಟ್ಟಡದ ನೆಲಮಹಡಿಯಲ್ಲಿ. ಅಪ್ಪನಿಗೆ ಆ ಜಾಗವನ್ನು ಮೊಬೈಲ್ ಶೋರೂಮಿಗೆ ಕೊಡುವ ಆಸೆ. "ಆನ್‌ಲೈನ್ ಆಡ್ ಒತ್ತೋರಲ್ಲಿ ಅರ್ಧ ಮನುಷ್ಯರೇ ಅಲ್ವಂತೆ ಕಣಮ್ಮಾ, ಮಿಷನ್ನಂತೆ. ಮಿಷನ್‌ಗೆ ಯಾವ ಪರದೆ ಹೊಲೀತೀಯಾ?"

ಅವಳ ಜಾಹೀರಾತು ನೋಡಿಕೊಳ್ಳುತ್ತಿದ್ದ ಗುರುಕಿರಣನೇ ದಾರಿ ಹೇಳಿದ್ದ. ಕ್ಲಿಕ್ಕುಗಳನ್ನು ಎಣಿಸುವುದೇ ಬೇಡ. ಅಳತೆಗೆ ಮನೆಗೆ ಕರೆದವರನ್ನಷ್ಟೇ ಎಣಿಸೋಣ. ಹೊರಮಾವು, ಮಾರತ್ತಹಳ್ಳಿ ಎರಡೂ ಕಡೆಯಿಂದ ಕರೆಗಳು ಹೆಚ್ಚುಕಡಿಮೆ ಸಮ ಬರುತ್ತಿದ್ದವು. ಒಂದು ತಿಂಗಳು ಹೊರಮಾವಿನಲ್ಲಿ ಮಾತ್ರ ಆಡ್ ಇರಲಿ, ಮಾರತ್ತಹಳ್ಳಿಯಲ್ಲಿ ನಿಲ್ಲಿಸೋಣ. ಹೊರಮಾವಿನಿಂದ ನೂರಕ್ಕೆ ಹತ್ತಾದರೂ ಹೆಚ್ಚು ಬಂದರೆ ಅಂಗಡಿ ನಿನ್ನದೇ ಎಂದು ಅಪ್ಪ ಒಪ್ಪಿದ್ದರು.

ಅಪ್ಪ ಒಪ್ಪಿದ ಆ ಸಂಜೆ ಟೇಪಿನ ಇನ್ನೊಂದು ತುದಿ ಗುರುಕಿರಣನ ಕೈಯಲ್ಲಿತ್ತು. "ನಿಮ್ಮ ಕಣ್ಣಿನ ಅಗಲ ಎಷ್ಟ್ರೀ ಮೇಡಂ?" ಎಂದು ಅದನ್ನು ಅವಳ ಹುಬ್ಬಿನ ಹತ್ತಿರ ತಂದಿದ್ದ. ಅವಳು ಅವನ ಕೈಗೆ ಮೆಲ್ಲಗೆ ಹೊಡೆದು, ತನ್ನ ಕೈ ಹಿಂದಕ್ಕೆ ತೆಗೆಯುವುದನ್ನು ಮರೆತಿದ್ದಳು.

ಇಂದು ಆ ತಿಂಗಳು ಮುಗಿಯುವ ದಿನ. ಸಂಜೆ ಅವನು ಬೇಕರಿಯ ಬಿಸಿ ಬನ್ನು ಹಿಡಿದು ಬಂದ.

"ಗೆದ್ವಿ ನೋಡು!"

"ಮಿಸ್ಬಾ ಮನೆಗೆ ಹೋಗಿದ್ದೆ."

ಅವನ ನಗು ನಿಂತಿತು. "ಹಂಗಲ್ಲ ಪದ್ಮಾ... ಅಂಗಡಿ ಹೋದ್ರ ನೀ ಅಳ್ತಿ. ಅದನ್ನ ನೋಡಾಕ ಆಗಲ್ಲ ನಂಗ."

"ಆಡ್ ಕೆಲ್ಸ ಮಾಡುತ್ತೆ ಅಂತ ದಿನಾ ಹೇಳ್ತಿದ್ದೆಯಲ್ಲ, ನೀನೇ ನಂಬಿರ್ಲಿಲ್ವಾ?"

ಅವನು ಬನ್ನಿನ ಪೊಟ್ಟಣವನ್ನು ಮಡಚುತ್ತಲೇ ಇದ್ದ.

"ಕಳ್ಳ ಕ್ಲಿಕ್ ಮಾಡೋರಿಗೆ ನಾನ್ಯಾರು ಅಂತ ಗೊತ್ತಿರಲ್ಲ. ನಿಂಗೆ ಗೊತ್ತಿತ್ತು. ಬಿಸಿಲಲ್ಲಿ ಸ್ಕೂಟರ್ ತಗೊಂಡು ಸುಳ್ಳು ಕಿಟಕಿಗಳನ್ನ ಅಳೀತಿದ್ದೆ. ವಾಪಸ್ ಬಂದು ನಿಂಗೇ ಖುಷಿಯಾಗಿ ಹೇಳ್ತಿದ್ದೆ. ನೀನು ಕೇಳ್ತಿದ್ದೆ."

"ಅಪ್ಪಾರಿಗೆ ಹೇಳ್ಬ್ಯಾಡ. ಯಾರಿಗೂ ಗೊತ್ತಾಗಂಗಿಲ್ಲ."

"ನಿಮ್ಮ ಫ್ರೆಂಡ್ಸ್ ಯಾರ್ಯಾರು, ಹೆಸರು ಹೇಳಿ. ತೆಗೀಬೇಕು."

"ತೆಗೆದ್ರ ಹತ್ತು ಬರದಿದ್ರ?"

"ಅಂಗಡಿ ಹೋಗುತ್ತೆ."

ಅವನು ಒಂದೊಂದಾಗಿ ಹೇಳಿದ. ಅವಳು ಬುಕಿಂಗ್ ಪಟ್ಟಿಯಿಂದ ಒಂದೊಂದಾಗಿ ಅಳಿಸಿದಳು. ಅವನ ಧ್ವನಿ ಈಗಲೂ ಅವಳಿಗೆ ಇಷ್ಟವಾಗುತ್ತಿತ್ತು. ಅದಕ್ಕೇ ತಲೆ ಎತ್ತಲಿಲ್ಲ.

"ನಾಳೆ ಬರ್ಲೇನು?"

"ಬರ್ಬೇಡಿ."

ಅವನು ಬಾಗಿಲಲ್ಲಿ ತಿರುಗಿ ನೋಡಿದ. ಅವಳೂ ನೋಡಿದಳು, ಅವನ ಅಂಗಿಯ ಕಾಲರು ಮಡಚಿಕೊಂಡಿತ್ತು. ಸರಿಮಾಡಲು ಏಳಲಿಲ್ಲ. ಅವನು ಹೋದ.

ಅಪ್ಪನನ್ನು ಕರೆದು ನಡೆದದ್ದನ್ನೆಲ್ಲ ಅಳುತ್ತಲೇ ಹೇಳಿದಳು. ಮುನಿಆಂಜನಪ್ಪ ಕುರ್ಚಿ ಎಳೆದು ಮಗಳ ಪಕ್ಕ ಕುಳಿತರು.

"ಅತ್ತಿದ್ದು ಸಾಕು, ಎಣ್ಸಮ್ಮಾ."

ಮಾರತ್ತಹಳ್ಳಿಯಿಂದ ಇಪ್ಪತ್ತೈದು ಮನೆ. ಗುರುಕಿರಣನ ಗೆಳೆಯರನ್ನು ಬಿಟ್ಟು ಹೊರಮಾವಿನಿಂದ ಇಪ್ಪತ್ತೆಂಟು. ಶೇಕಡಾ ಹನ್ನೆರಡು ಹೆಚ್ಚು.