ಹುಚ್ಚವ್ವ ಬೆರಳಿಟ್ಟ ಜಾಗ

ಮೊದಲ ಕೊಡಲಿ ಏಟು ಜೀಪಿನ ಗಾಜಿಗೆ ಬಿತ್ತು.

ಎರಡನೆಯದು ನನ್ನ ತಲೆಗೆ... ಬಗ್ಗಿದೆ. ಸೀಟು ಸೀಳಿತು.

ನಾಲತವಾಡದಿಂದ ಮುದ್ದೇಬಿಹಾಳಕ್ಕೆ ಹೋಗುವ ರಸ್ತೆ. ೧೯೭೪ರ ಬೇಸಿಗೆ, ನಡುಮಧ್ಯಾಹ್ನ. ನಾನು ರೇವಪ್ಪ. ಪೊಲೀಸ್ ಖಾತೆಯಿಂದ ಹೊರಬಿದ್ದ ಮೇಲೆ ಇಂಥವೇ ನನ್ನ ಕೆಲಸ. ಪಕ್ಕದಲ್ಲಿ ಕುರಿ ಕಾಯುವ ಮುದುಕಿ ಹುಚ್ಚವ್ವ. ನಾಲ್ಕು ಗಂಟೆಯೊಳಗೆ ಆಕೆಯನ್ನು ಮುದ್ದೇಬಿಹಾಳದ ಸಭೆಗೆ ಜೀವಂತ ಮುಟ್ಟಿಸಬೇಕು.

ಯಾಕೆ ಅಂದಿರಾ?

ಇಂಜಿನಿಯರ್ ಭೀಮಶ್ಯಾ ಆ ಭಾಗದ ಹಳ್ಳಗಳಿಗೆಲ್ಲ ಮೂವತ್ತು ವರ್ಷದ ನೀರಿನ ಪ್ಲಾನ್ ಬರೆಯುತ್ತಿದ್ದ. ಊರವರನ್ನು ಕೇಳದೆ ಒಂದು ಗೆರೆಯನ್ನೂ ಎಳೆಯುವುದಿಲ್ಲ ಎಂಬ ಹಟ ಅವನದು. ಹೊಸ ಕೆರೆ ಎಲ್ಲಿ ಎಂದು ಅವತ್ತಿನ ಸಭೆಯಲ್ಲಿ ತೀರ್ಮಾನ; ಮುದುಕಿಯನ್ನು ಕರೆತರಲು ನನಗೆ ಹೇಳಿದವನೂ ಅವನೇ. ಸಾಹುಕಾರ ಬಸಂತರಾಯನಿಗೆ ಕೆರೆ ತನ್ನ ತೋಟದ ಮಗ್ಗುಲಲ್ಲೇ ಬೇಕು. ಅಲ್ಲಿ ನೀರು ನಿಲ್ಲುವುದಿಲ್ಲ ಎಂದು ಹುಚ್ಚವ್ವ ಮೂರು ಊರಿಗೆ ಹೇಳಿಕೊಂಡು ತಿರುಗಿದ್ದಳು.

ಅದಕ್ಕೇ ಕೊಡಲಿ.

ಮೂವರಿದ್ದರು. ಮುಂದಿನವನು ಬಸಂತರಾಯನ ಆಳು ಪರಪ್ಪ. ಮುದುಕಿಯನ್ನು ಇಳಿಸಿ ಸುಮ್ಮನೆ ವಾಪಸ್ ಹೋಗು ಅಂದ.

"ಇಳಸೂದಿಲ್ಲ," ಅಂದೆ.

ಜಾಕಿನ ರಾಡು ಎಳೆದುಕೊಂಡು ನಾನೇ ಇಳಿದೆ. ಒಬ್ಬನ ದವಡೆ ಮುರಿಯಿತು. ಇನ್ನೊಬ್ಬ ಹಿಂದಿನಿಂದ ಕುತ್ತಿಗೆಗೆ ಟವೆಲ್ ಹಾಕಿ ಬಿಗಿದ. ಕಣ್ಣು ಕತ್ತಲಾಯಿತು... ಟಣ್ ಅಂತ ಸದ್ದು. ಟವೆಲ್ ಸಡಿಲಾಯಿತು. ಹುಚ್ಚವ್ವ ಹಿತ್ತಾಳೆ ತಂಬಿಗೆಯಿಂದ ಅವನ ನೆತ್ತಿಗೇ ಬಾರಿಸಿದ್ದಳು.

ಪರಪ್ಪನ ಕೊಡಲಿ ನನ್ನ ಭುಜ ಕೊಯ್ದಿತು. ನನ್ನ ರಾಡು ಅವನ ಮೊಣಕಾಲಿಗೆ ಬಿತ್ತು. ಮೂಳೆಯ ಸದ್ದು ಇವತ್ತಿಗೂ ಕೇಳಿಸುತ್ತದೆ.

ತಂಬಿಗೆಯಲ್ಲಿ ಉಳಿದ ನೀರನ್ನು ಮುದುಕಿ ಅವನ ಬಾಯಿಗೇ ಹನಿಸಿದಳು! ನನಗೆ ಮೈಯೆಲ್ಲ ಉರಿಯಿತು. ಬೈದೆ.

"ಬಿಸಲಾಗ ಬಿದ್ದಾನಪಾ," ಅಂದಳು.

ಸಭೆಗೆ ಹೋದಾಗ ನನ್ನ ಅಂಗಿಯ ಅರ್ಧ ರಕ್ತ. ಬಸಂತರಾಯ ಮುಂದಿನ ಕುರ್ಚಿಯಲ್ಲಿದ್ದ. ನಮ್ಮನ್ನು ನೋಡಿ ಅವನ ಮುಖ ಬಿಳಿಚಿತು. ಆದರೂ ಎದ್ದು, ಕುರಿ ಕಾಯುವವಳಿಗೆ ನಕಾಶೆಯ ಗಂಧಗಾಳಿಯೂ ಇಲ್ಲ ಎಂದ.

"ನಕಾಶಿ ತಿಳಿಯೂದಿಲ್ರಿ. ಹಳ್ಳ ತಿಳಿತೈತಿ," ಅಂದಳು ಹುಚ್ಚವ್ವ. "ಸಾಹುಕಾರ್ರ ಜಾಗದಾಗ ಸುಣ್ಣದಕಲ್ಲು ಐತಿ, ಒಳಗ ಪೊಳ್ಳ. ಎಂಥಾ ಮಳಿಯಾದ್ರೂ ಎಂಟ ದಿನದಾಗ ಒಣಗತೈತಿ."

ಹಾಗಾದರೆ ಎಲ್ಲಿ ನಿಲ್ಲುತ್ತದೆ ಎಂದು ಭೀಮಶ್ಯಾ ಕೇಳಿದ. ನಕಾಶೆಯಲ್ಲಿ ಗುಡ್ಡ ಎಲ್ಲಿದೆ ಎಂದು ಕೇಳಿಕೊಂಡು, ಆಕೆ ಅದರ ಕೆಳಗೆ ಬೆರಳಿಟ್ಟಳು.

"ಇಲ್ಲಿ. ತಳಕ್ಕ ಜೇಡಿಮಣ್ಣು."

"ಯಾರ ಹೊಲ ಅದು?"

"ನಂದರಿ. ಮನಿನೂ ಅಲ್ಲೇ ಐತಿ."

ಕೆರೆ ಅಲ್ಲೇ ಆಗಲಿ ಎಂದು ಮೂರೂ ಊರಿನ ಕೈಗಳು ಮೇಲೆದ್ದವು.

ವಾರದಲ್ಲಿ ಎರಡೂ ಕಡೆ ಗುಂಡಿ ತೋಡಿ ನೀರು ಸುರಿದರು. ಮುದುಕಿ ಹೇಳಿದ್ದೇ ಖರೆಯಾಯಿತು. ಪರಪ್ಪ ಆಸ್ಪತ್ರೆಯಲ್ಲಿ ಬಾಯಿಬಿಟ್ಟ, ಬಸಂತರಾಯ ಲಾಕಪ್ ಸೇರಿದ.

ದಸರೆ ಮುಗಿದ ಮೇಲೆ ಹುಚ್ಚವ್ವ ತನ್ನ ಮನೆ ಕೆಡವಲು ನನ್ನನ್ನೇ ಕರೆಸಿದಳು. ಮೊದಲ ಕಲ್ಲು ಕಿತ್ತು, ಅದನ್ನು ಕೆಳಗಿಡದೆ ಹಿಡಿದೇ ನಿಂತೆ.

ಕೆಲಸಗಳ್ಳ ಎಂದು ಬೈದಳು.